ದಾಸೋಹದ ಅಂತರಂಗ: ಗದಗಿನ ಪುಣ್ಯಾಶ್ರಮದ ಚರಿತ್ರೆಯಿಂದ

ದಾಸೋಹವೆಂಬ ಶಬ್ದವು ಅನ್ನದಾನವೆಂಬರ್ಥದಲ್ಲಿ ಲೋಕರೂಢವಾಗಿದ್ದರೂ ಅದರ ಮೂಲಾರ್ಥವು ಬೇರೆ. ‘ದಾಸಃ’, ‘ಅಹಂ’ ಎಂಬೆರಡು ಸಂಸ್ಕೃತಪದಗಳು ಸಂಧಿಗೊಂಡು, ‘ನಾನು ಸೇವಕನು’ ಎಂಬರ್ಥವು ಅದಕ್ಕೆ ಬಂದಿತು. ದಾನದಲ್ಲಿ ಕೊಡುವವನ ಕೈ ಮೇಲು, ಕೊಳ್ಳುವವನ ಕೈ ಕೆಳಗು. ದಾಸೋಹದಲ್ಲಿಯಾದರೋ ನೀಡುವವನೇ ಸೇವಕನು, ಉಣಬಂದವನೇ ಒಡೆಯನು. ಹನ್ನೆರಡನೆಯ ಶತಮಾನದ ಶರಣರು ಕಾಯಕದೊಡನೆ ದಾಸೋಹವನ್ನು ಹೆಣೆದುದರ ಮರ್ಮವಿದು. ಹಸಿದವನ ಹೊಟ್ಟೆಯನ್ನು ತುಂಬಿಸಿ ಮಾನವನ್ನು ಕಳೆದರೆ ಅದು ದಾಸೋಹವೆನಿಸದು. ಈ ತತ್ತ್ವವು ಸಮೀಪಕಾಲದಲ್ಲಿಯೂ ಆಚರಣೆಗೆ ಬಂದುದಕ್ಕೆ ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆಯು ನಿದರ್ಶನವಾಗಿರುವುದು.

1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯನೆಂಬ ಬಾಲಕನು ಜನಿಸಿದನು. ಆತನಿಗೂ ಆತನ ಅಣ್ಣನಿಗೂ ದೃಷ್ಟಿಯಿರಲಿಲ್ಲ. ಅಂಧರಿಗೆ ಭಿಕ್ಷೆಯೊಂದೇ ಗತಿಯೆಂದು ಜನರು ಬಹುಮಟ್ಟಿಗೆ ತಿಳಿದಿದ್ದ ಕಾಲವದು. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು ಆ ಸೋದರರನ್ನು ಕಂಡಾಗ ಅವರ ಕಣ್ಣಿನ ಕೊರತೆಯನ್ನಲ್ಲ, ಕಂಠದ ಸಿರಿಯನ್ನು ಗಮನಿಸಿದರು. 1909ರಲ್ಲಿ ಮಲಪ್ರಭೆಯ ತಟದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹನೀಯರಿಗೆ ಒಂದು ಹೊತ್ತಿನ ಊಟವನ್ನಿಕ್ಕಿ ಕಳುಹುವುದು ಸುಲಭವಾಗಿತ್ತು. ಅವರು ಹಾಗೆ ಮಾಡದೆ ಬಾಲಕರಿಗೆ ಸಂಗೀತಶಿಕ್ಷಣದ ಏರ್ಪಾಡನ್ನು ಮಾಡಿಸಿದರು. ಅಣ್ಣನು ಅಕಾಲದಲ್ಲಿ ತೀರಿಕೊಂಡನು. ತಮ್ಮನು ಕರ್ನಾಟಕ ಸಂಗೀತವನ್ನು ಕಲಿತು, ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಅಭ್ಯಸಿಸಿ, ಪಂಚಾಕ್ಷರಿ ಗವಾಯಿಗಳೆಂದು ವಿಖ್ಯಾತರಾದರು.

ತಾವು ಪಡೆದುದನ್ನು ಗವಾಯಿಗಳು ತಮಗಾಗಿ ಇರಿಸಿಕೊಳ್ಳಲಿಲ್ಲ. ಅಂಧರೂ ಅನಾಥರೂ ಆದ ಬಾಲಕರನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಆ ಸಂಚಾರಿ ಪಾಠಶಾಲೆಯೇ ಮುಂದೆ ಗದಗಿನಲ್ಲಿ ನೆಲೆಗೊಂಡು, ಆಶ್ರಯವಿತ್ತ ಬಸರಿಗಿಡದ ವೀರಪ್ಪನವರ ನೆನಪಿನಿಂದ ವೀರೇಶ್ವರ ಪುಣ್ಯಾಶ್ರಮವೆನಿಸಿತು. ಶಿಷ್ಯರ ಅನ್ನಕ್ಕಾಗಿ ಅವರು ನಾಟಕಮಂಡಳಿಯನ್ನೂ ಕಟ್ಟಿ ನಡೆಯಿಸಿದರು. ಹೀಗೆ ಶಿಷ್ಯರು ಉಂಡ ತುತ್ತು ಕಾಯಕದಿಂದ ಬಂದ ತುತ್ತಾಯಿತು.

1936ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ ಆರನೂರನೆಯ ವರ್ಷದ ಉತ್ಸವವು ಜರುಗಿತು. ಅಲ್ಲಿ ತರುಣ ಶಿಷ್ಯರಾದ ಬಸವರಾಜ ರಾಜಗುರುಗಳು ಹಾಡಲು, ಗುರುಗಳಾದ ಪಂಚಾಕ್ಷರಿ ಗವಾಯಿಗಳೇ ತಬಲಾ ನುಡಿಸಿದರು. ಶಿಷ್ಯನನ್ನು ಮುಂದೆ ಕುಳ್ಳಿರಿಸಿ ಗುರುವು ತಾಳ ಹಿಡಿಯುವುದು ದಾಸೋಹಭಾವದ ಮತ್ತೊಂದು ಮುಖವಲ್ಲವೆ?

1944ರಲ್ಲಿ ಗವಾಯಿಗಳು ಲಿಂಗೈಕ್ಯರಾಗಲು ಆಶ್ರಮದ ಭಾರವು ಶಿಷ್ಯರಾದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. 1914ರಲ್ಲಿ ಜನಿಸಿ, ಎಳೆತನದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಇವರು ಅನೇಕ ವಾದ್ಯಗಳಲ್ಲಿ ಪರಿಣತರಾದರು. ಕನ್ನಡ, ಸಂಸ್ಕೃತ, ಹಿಂದೀ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಸಂದಿತು. ಅದೇ ವರ್ಷ ಅವರು ಲಿಂಗೈಕ್ಯರಾಗುವವರೆಗೆ, ಆಶ್ರಯ ಬೇಡಿ ಬಂದ ಬಾಲಕರು ವಿದ್ಯಾವಂತರಾಗಿ ಹೊರಟ ಪರಂಪರೆಯು ಅಖಂಡವಾಗಿ ಸಾಗಿತು.

ಕುಮಾರ ಮಹಾಸ್ವಾಮಿಗಳವರು 1930ರಲ್ಲಿಯೇ ಲಿಂಗೈಕ್ಯರಾಗಿದ್ದರು. ಅವರು ಕೈಹಿಡಿದುದು ಇಬ್ಬರು ಬಾಲಕರನ್ನು; ಆ ಕೈಯಿಂದ ಬೆಳಗಿದ ದೀಪಗಳಿಗೆ ಲೆಕ್ಕವಿಲ್ಲ. ಕರುಣೆಯು ಗೌರವವನ್ನು ಬಿಟ್ಟು ನಡೆದರೆ ಬೇಡುವವನು ಬೇಡುತ್ತಲೇ ಉಳಿವನು. ಗೌರವವನ್ನು ಕೂಡಿಕೊಂಡು ನಡೆದರೆ ಬೇಡಬಂದವನೇ ನೀಡುವವನಾಗುವನು. ಮಠದ ಪಂಕ್ತಿಯಲ್ಲಿ ಎಲೆ ಹಾಕುವ ಪ್ರತಿಯೊಬ್ಬ ಸದ್ಭಕ್ತನೂ, ತನ್ನೆದುರು ಕುಳಿತವನ ಹಸಿವನ್ನು ಮಾತ್ರವಲ್ಲದೆ ಅವನೊಳಗಿನ ಯೋಗ್ಯತೆಯನ್ನೂ ಕಾಣುವಂತಾಗಲಿ. ಅದುವೇ ದಾಸೋಹದ ಅಂತರಂಗವು.