ರೋಮನರ ವೃತ್ತಾಕಾರದ ದೇವಾಲಯಗಳು

ಪ್ರಾಚೀನ ರೋಮನರ ದೇವಾಲಯಗಳಲ್ಲಿ ಬಹುತೇಕವು ಆಯತಾಕಾರದವು; ವೃತ್ತಾಕಾರದವು ವಿರಳ. ಈ ವಿರಳವಾದ ಆಕಾರದ ಮೂಲವನ್ನು ರೋಮ್ ನಗರದ ವೆಸ್ತಾದೇವಿಯ ಗುಡಿಯು ತಿಳಿಸುತ್ತದೆ. ವೆಸ್ತಾ ಎಂಬವಳು ಗೃಹಾಗ್ನಿಯ ಅಧಿದೇವತೆ. ಅವಳ ಗುಡಿಯಲ್ಲಿ ವಿಗ್ರಹವಿರಲಿಲ್ಲ; ಆರು ಮಂದಿ ಕನ್ಯೆಯರು ಹಗಲಿರುಳೂ ನಂದದಂತೆ ಕಾಯುತ್ತಿದ್ದ ಅಗ್ನಿಯೇ ಅಲ್ಲಿಯ ದೈವವು. ಪೂರ್ವದಲ್ಲಿ ಅದು ಹುಲ್ಲು ಹೊದಿಸಿದ, ಹೆಣೆದ ತಟ್ಟಿಯ ಗೋಡೆಯ ಗುಡಿಸಲಾಗಿತ್ತೆಂದು ಓವಿಡ್ ಕವಿಯು ತನ್ನ ‘ಫಾಸ್ತಿ’ ಕಾವ್ಯದಲ್ಲಿ ಹೇಳಿರುವನು. ಮುಂದೆ ತಟ್ಟಿಯು ಹೋಗಿ ಕಲ್ಲು ಬಂದಿತು, ಹುಲ್ಲು ಹೋಗಿ ಕಂಚು ಬಂದಿತು. ಆಕಾರವು ಮಾತ್ರ ಬದಲಾಗಲಿಲ್ಲ. ಶ್ರೌತವಿಧಿಯಲ್ಲಿ ಆಹವನೀಯದ ಸ್ಥಾನವು ಚತುರಸ್ರವಾಗಿಯೂ, ಗೃಹಾಗ್ನಿಯಾದ ಗಾರ್ಹಪತ್ಯದ ಸ್ಥಾನವು ದುಂಡಾಗಿಯೂ ಇರುವುದನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಕ್ರಿಸ್ತಪೂರ್ವ 1ನೆಯ ಶತಮಾನದ ಶಿಲ್ಪಶಾಸ್ತ್ರಜ್ಞನಾದ ವಿಟ್ರೂವಿಯಸನು ಇಂತಹ ಗುಡಿಗಳಲ್ಲಿ ಎರಡು ಭೇದಗಳನ್ನು ಹೇಳುತ್ತಾನೆ: ಗರ್ಭಗೃಹವಿಲ್ಲದೆ ಕಂಬಗಳ ವಲಯ ಮಾತ್ರವುಳ್ಳದ್ದು ಒಂದು, ದುಂಡಾದ ಗರ್ಭಗೃಹದ ಸುತ್ತಲೂ ಕಂಬಗಳುಳ್ಳದ್ದು ಇನ್ನೊಂದು. ಟೈಬರ್ ನದಿಯ ದಡದಲ್ಲಿರುವ ಹರ್ಕ್ಯುಲಿಸನ ಗುಡಿಯು ಎರಡನೆಯ ಬಗೆಯದು. ಗ್ರೀಸ್ ದೇಶದಿಂದ ತಂದ ಅಮೃತಶಿಲೆಯಿಂದ ಮೊದಲು ಕಟ್ಟಿದ ಈ ಗುಡಿಯ 20 ಕಂಬಗಳಲ್ಲಿ 19 ಇಂದಿಗೂ ನಿಂತಿವೆ. ದುಂಡಾಗಿದ್ದ ಕಾರಣದಿಂದಲೇ ಜನರು ಬಹುಕಾಲ ಇದನ್ನು ವೆಸ್ತಾಗುಡಿಯೆಂದು ಭ್ರಮಿಸಿದ್ದರು. ಟಿವೊಲಿಯ ದುಂಡುಗುಡಿಯೂ ಇದೇ ಬಗೆಯದು. ಅದರ 18 ಕಂಬಗಳಲ್ಲಿ 10 ಉಳಿದಿವೆ.

ಈ ಆಕಾರದ ಪರಮಾವಧಿಯನ್ನು ಪ್ಯಾಂಥಿಯನ್ನಿನಲ್ಲಿ ಕಾಣಬಹುದು. ಕ್ರಿ. ಶ. 2ನೆಯ ಶತಮಾನದಲ್ಲಿ, ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಇದು ಪೂರ್ಣವಾಯಿತು. ಇದರ ಗುಮ್ಮಟದ ವ್ಯಾಸವು ಸುಮಾರು 142 ಅಡಿ. ನೆಲದಿಂದ ಶಿಖರದವರೆಗಿನ ಎತ್ತರವೂ ಅಷ್ಟೇ. ಆದುದರಿಂದ ಒಳಗೆ ಒಂದು ಪೂರ್ಣಗೋಲವು ಸರಿಯಾಗಿ ಹಿಡಿಯುವುದು. ಇಷ್ಟು ಭಾರವು ಕುಸಿಯದಿರಲೆಂದು ಕಟ್ಟುವವರು ಕೆಳಗಿನ ಗಾರೆಗೆ ಭಾರವಾದ ಕಲ್ಲನ್ನೂ ಮೇಲಿನದಕ್ಕೆ ಹಗುರವಾದ ಜ್ವಾಲಾಮುಖಿಯ ಕಲ್ಲನ್ನೂ ಬೆರೆಸಿದರು. ಮೇಲೇರಿದಂತೆ ಗುಮ್ಮಟದ ದಪ್ಪವನ್ನು ತಗ್ಗಿಸಿದರು. ನಡುನೆತ್ತಿಯನ್ನು ತೆರೆದೇ ಬಿಟ್ಟರು. ಬೆಳಕು ಬರುವುದು ಅಲ್ಲಿಂದ, ಮಳೆಯೂ ಅಲ್ಲಿಂದಲೇ.

ಇವುಗಳ ಗತಿಯಾದರೋ ಒಂದೇ ಆಗಲಿಲ್ಲ. ಪ್ಯಾಂಥಿಯನ್ 609ರಲ್ಲಿ ಕ್ರೈಸ್ತಮಂದಿರವಾಯಿತು; ಹರ್ಕ್ಯುಲಿಸನ ಗುಡಿಯೂ ಮಧ್ಯಯುಗದಲ್ಲಿ ಹಾಗೆಯೇ ಆಯಿತು. ದೇವರು ಬದಲಾದರೂ ಪೂಜೆಯು ನಿಲ್ಲದ ಕಾರಣ ಕಲ್ಲುಗಳು ಉಳಿದುವು. ಇವೆಲ್ಲಕ್ಕೂ ಮೂಲವಾದ ವೆಸ್ತಾಗುಡಿಯ ಅಗ್ನಿಯು 4ನೆಯ ಶತಮಾನದ ಕೊನೆಯಲ್ಲಿ ನಂದಿತು. 16ನೆಯ ಶತಮಾನದಲ್ಲಿ ಅದರ ಅಮೃತಶಿಲೆಯನ್ನೂ ಕಿತ್ತೊಯ್ದರು. ಇಂದು ಅಲ್ಲಿ ಕಾಣುವುದು 1930ರ ದಶಕದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ ಕೆಲವೇ ಕಂಬಗಳು. ಕಟ್ಟಡವನ್ನು ಕಾಯುವುದು ಗಾರೆಯೊಂದೇ ಅಲ್ಲ. ಅದರೊಳಗೆ ನಡೆಯುವ ನಿತ್ಯಕರ್ಮವೂ ಹೌದು.