ಶೃಂಗೇರಿಯ ಸೂರೆಯೂ ಯುದ್ಧಧರ್ಮವೂ

ಕಳೆದ ನವರಾತ್ರಿಯಲ್ಲಿ ಸಂತೆಮರಹಳ್ಳಿಯ ನಮ್ಮ ಮನೆಯಲ್ಲಿ ಶಾರದಾಪೂಜೆಯು ಮುಗಿದ ತರುವಾಯ, ಪೂರ್ವಶಿಷ್ಯನೊಬ್ಬನು ಹೀಗೆ ಕೇಳಿದನು: “ನಿದ್ರಿಸುವವನನ್ನೂ, ನಿರಾಯುಧನನ್ನೂ, ಶರಣಾಗತನನ್ನೂ ಕೊಲ್ಲಲಾಗದೆಂದು ಮನುಸ್ಮೃತಿಯು ವಿಧಿಸಿದೆಯಷ್ಟೆ. ಆ ವಿಧಿಯನ್ನು ಮೀರಿದ ಸೇನಾಪತಿಯನ್ನು ವಿಚಾರಿಸುವವರು ಯಾರು, ಮೇಷ್ಟರೆ?” ಪಾಠಶಾಲೆಯಲ್ಲಿ ಆ ಅಧ್ಯಾಯವನ್ನು ಕಂಠಪಾಠ ಮಾಡಿದ ನನಗೆ ಈ ಪ್ರಶ್ನೆಯು ಎಂದೂ ಹೊಳೆದಿರಲಿಲ್ಲ. ಪೂಜಿಸಿದ ದೇವಿಯ ಪೀಠದ ಚರಿತ್ರೆಯಲ್ಲಿಯೇ ಇದಕ್ಕೆ ದೃಷ್ಟಾಂತವುಂಟು.

1791ರಲ್ಲಿ, ಮೂರನೆಯ ಮೈಸೂರು ಯುದ್ಧಕಾಲದಲ್ಲಿ, ಪರಶುರಾಮ ಭಾವುವಿನ ಮರಾಠಾ ಸೈನ್ಯದ ಸವಾರರು ಶೃಂಗೇರಿಯನ್ನು ಹೊಕ್ಕರು. ಮಠವು ಸೂರೆಯಾಯಿತು; ಅನೇಕರು ಹತರಾದರು; ಶಾರದಾಂಬೆಯ ವಿಗ್ರಹವು ಪೀಠದಿಂದ ಕದಲಿತು. ಜಗದ್ಗುರುಗಳಾದ ಮೂರನೆಯ ಸಚ್ಚಿದಾನಂದ ಭಾರತಿಗಳು ಕಾರ್ಕಳಕ್ಕೆ ತೆರಳಬೇಕಾಯಿತು. ಅವರ ವಿಜ್ಞಾಪನೆಯನ್ನು ಕಂಡ ಟೀಪೂಸುಲ್ತಾನನು ದುಃಖವನ್ನು ತಿಳಿಸಿ, ದೇವಿಯ ಪುನಃಪ್ರತಿಷ್ಠೆಗಾಗಿ 200 ರಹತಿ ನಗದನ್ನೂ 200 ರಹತಿ ಬೆಲೆಯ ಧಾನ್ಯವನ್ನೂ ಕೊಡುವಂತೆ ನಗರದ ಅಸಫನಿಗೆ ಅಪ್ಪಣೆಮಾಡಿದನು. ಈ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಪ್ರಾಕ್ತನ ವಿಮರ್ಶ ಇಲಾಖೆಯ ಆರ್. ನರಸಿಂಹಾಚಾರ್ಯರು.

ಲೂಟಿಗೈದವರು ಪಿಂಡಾರಿಗಳು, ಸಂಬಳದ ಸಿಪಾಯಿಗಳಲ್ಲ ಎಂದು ಸಮಾಧಾನ ಹೇಳುವವರುಂಟು. ಆದರೆ ಅವರನ್ನು ದಂಡಿನೊಡನೆ ಕರೆತಂದವನಿಗೆ ಹೊಣೆಯಿಲ್ಲವೆ? ಇತ್ತ ಟೀಪುವಿನ ಔದಾರ್ಯವನ್ನು ಕೊಂಡಾಡುವಾಗ, 1784ರಲ್ಲಿ ಕೆನರಾ ಸೀಮೆಯ ಕ್ರೈಸ್ತ ಕುಟುಂಬಗಳನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದವನೂ ಆತನೇ ಎಂಬುದನ್ನು ಮರೆಯಲಾಗದು. ನಮ್ಮವರ ತಪ್ಪಿಗೊಂದು ತಕ್ಕಡಿ, ಪರರ ತಪ್ಪಿಗೊಂದು ತಕ್ಕಡಿ ಹಿಡಿದರೆ ಅದು ಚರಿತ್ರೆಯಲ್ಲ, ವಕಾಲತ್ತು. ಎರಡು ಪ್ರಸಂಗಗಳಲ್ಲಿಯೂ ಧರ್ಮವಿಧಿಗೆ ಕೊರತೆಯಿರಲಿಲ್ಲ. ರಾಜರಿಗೂ ಮೇಲಾದ ನ್ಯಾಯಸ್ಥಾನವೊಂದಕ್ಕೆ ಮಾತ್ರ ಕೊರತೆಯಿತ್ತು.

ಆ ಕೊರತೆಯನ್ನು ತುಂಬುವ ಪ್ರಯತ್ನವು ಬಹುಕಾಲದ ಮೇಲೆ ನಡೆಯಿತು. ಸೈನಿಕರನ್ನು ತಡೆಯದ ಸೇನಾಪತಿಯೂ ಅಪರಾಧಿಯೆಂಬ ತತ್ತ್ವದ ಮೇಲೆ ಜಪಾನಿನ ಯಮಾಶಿತನಿಗೆ 1945ರಲ್ಲಿ ಮನಿಲಾದಲ್ಲಿ ಮರಣದಂಡನೆ ವಿಧಿಸಲಾಯಿತು. ಯುದ್ಧದಲ್ಲಿ ದೇವಾಲಯಾದಿ ಸಾಂಸ್ಕೃತಿಕ ಸ್ವತ್ತುಗಳನ್ನು ರಕ್ಷಿಸಲು 1954ರಲ್ಲಿ ಹೇಗ್ ನಗರದಲ್ಲಿ ಒಡಂಬಡಿಕೆಯಾಯಿತು. ಆಫ್ರಿಕದ ಟಿಂಬಕ್ಟುವಿನ ಪುಣ್ಯಪುರುಷರ ಗೋರಿಗಳನ್ನು ಕೆಡವಿಸಿದವನಿಗೆ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವು 2016ರಲ್ಲಿ 9 ವರ್ಷಗಳ ಸೆರೆಯನ್ನು ವಿಧಿಸಿ, ಮರುವರ್ಷ ನಷ್ಟಪರಿಹಾರಕ್ಕೂ ಆಜ್ಞಾಪಿಸಿತು. ಶೃಂಗೇರಿಯಲ್ಲಿಯಾದರೋ, ಪರಿಹಾರವು ಬಂದದ್ದು ದಾಳಿಗೆ ಗುರಿಯಾದ ರಾಜ್ಯದ ಬೊಕ್ಕಸದಿಂದಲೇ.

ಈ ನ್ಯಾಯಾಲಯವೂ ಬಲಿಷ್ಠರನ್ನೆಲ್ಲ ಮುಟ್ಟಲಾರದು. ನಮ್ಮ ಭಾರತವೂ ಅದರ ಒಡಂಬಡಿಕೆಗೆ ಸೇರಿಲ್ಲ. ಆದರೂ ಶಿಷ್ಯನ ಪ್ರಶ್ನೆಗೆ “ಯಾರೂ ಇಲ್ಲ” ಎಂದು ಉತ್ತರಿಸಬೇಕಾಗಿದ್ದ ಕಾಲವು ಕಳೆದಿದೆ. ಉಳಿದುದು, ಆ ತಕ್ಕಡಿಯನ್ನು ಎಲ್ಲರಿಗೂ ಸಮನಾಗಿ ಹಿಡಿಯುವ ಧೈರ್ಯ.