ಮಳೆನಾಡಿನ ಬಸದಿಗಳು: ಕಟ್ಟಿದವರು ಮತ್ತು ಕಾಯ್ದವರು

ಶ್ರವಣಬೆಳಗೊಳದಲ್ಲಿ ಗೊಮ್ಮಟಸ್ವಾಮಿಯ ದರ್ಶನ ಪಡೆದು, ಘಟ್ಟವಿಳಿದು ಕಾರ್ಕಳ, ಮೂಡುಬಿದಿರೆ, ವೇಣೂರುಗಳ ಕಡೆಗೆ ಸಾಗುವುದು ಕರ್ನಾಟಕದ ಜೈನ ಯಾತ್ರಿಕರಲ್ಲಿ ಬಹುಕಾಲದಿಂದ ನಡೆದು ಬಂದ ಪದ್ಧತಿ. ಈ ದಾರಿಯಲ್ಲಿ ಆರಾಧ್ಯರು ಬದಲಾಗುವುದಿಲ್ಲ. ಪೂಜೆಯ ಕ್ರಮವೂ ಬಹುಮಟ್ಟಿಗೆ ಬದಲಾಗುವುದಿಲ್ಲ. ಆದರೆ ಬಸದಿಯ ರೂಪ ಮಾತ್ರ ಸಂಪೂರ್ಣವಾಗಿ ಬದಲಾಗುತ್ತದೆ. ಘಟ್ಟದ ಮೇಲೆ ಕಂಡ ಶಿಖರ, ವಿಮಾನಗಳು ಘಟ್ಟದ ಕೆಳಗೆ ಮರೆಯಾಗಿ, ಅವುಗಳ ಸ್ಥಾನದಲ್ಲಿ ಒಂದರ ಮೇಲೊಂದು ಬಾಗಿದ ಇಳಿಜಾರು ಮಾಡುಗಳು ಕಾಣಿಸಿಕೊಳ್ಳುತ್ತವೆ. ಒಂದೇ ಧರ್ಮ, ಒಂದೇ ನಾಡು. ಆದರೂ ಕಟ್ಟಡಗಳಲ್ಲಿ ಇಷ್ಟು ಅಂತರವೇಕೆ ಎಂಬ ಪ್ರಶ್ನೆ ವಿಚಾರಶೀಲನಾದ ಯಾತ್ರಿಕನಲ್ಲಿ ಮೂಡುವುದು ಸಹಜ.

ಶ್ರವಣಬೆಳಗೊಳದ ಚಂದ್ರಗಿರಿ ಮತ್ತು ವಿಂಧ್ಯಗಿರಿಗಳು ಬಯಲುಸೀಮೆಯ ಬಂಡೆಗಳು. ಅಲ್ಲಿ ಬೀಳುವ ಮಳೆ ಮಿತವಾದುದು. 981ರಲ್ಲಿ ಚಾವುಂಡರಾಯನು ಮಾಡಿಸಿದ 58 ಅಡಿ ಎತ್ತರದ ಮೂರ್ತಿ ತೆರೆದ ಆಕಾಶದ ಕೆಳಗೆ ಸಾವಿರ ವರ್ಷಗಳಿಂದ ನಿಂತಿದೆ. ಚಂದ್ರಗಿರಿಯ ಬಸದಿಗಳೂ ಕಲ್ಲಿನ ಗೋಡೆ, ಸಮತಟ್ಟಾದ ಕಲ್ಲಿನ ಮಾಳಿಗೆಗಳಿಂದ ಕೂಡಿವೆ. ಅಲ್ಲಿಯ ಶಿಲ್ಪಿಗೆ ಆಕಾಶವು ಶತ್ರುವಾಗಿರಲಿಲ್ಲ.

ಆಗುಂಬೆಯ ಘಟ್ಟಕ್ಕೆ ಬಂದೊಡನೆ ಈ ಮಾತು ಸಲ್ಲದಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರು ಮಳೆ ಸುರಿಯುತ್ತದೆ. ಕೆಳಗಿನ ತುಳುನಾಡಿನಲ್ಲಿ 4,000 ಮಿಲಿಮೀಟರಿನ ಆಸುಪಾಸು. ಅದರ ಬಹುಭಾಗ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುವಂಥದು. ಚಾತುರ್ಮಾಸದ ಈ ಕಾಲದಲ್ಲಿ ಜೈನ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುವುದು ನಿಯಮ. ಹೀಗೆ ಮುನಿಯು ನಿಲ್ಲುವ ಋತುವಿನಲ್ಲಿಯೇ ಇಲ್ಲಿಯ ಬಸದಿಯ ನಿಜವಾದ ಪರೀಕ್ಷೆ ನಡೆಯುತ್ತದೆ.

ಘಟ್ಟವಿಳಿದು ಹೆಬ್ರಿಯನ್ನು ದಾಟಿದರೆ ದೊರೆಯುವ ವರಂಗದಲ್ಲಿ ನೀರಿನೊಡನೆ ಬಸದಿಯ ನಂಟು ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ಅಲ್ಲಿಯ ಚತುರ್ಮುಖ ಬಸದಿ ಕೆರೆಯ ನಡುವೆ ನಿಂತಿದೆ. ಜನರು ಅದನ್ನು ಕೆರೆ ಬಸದಿಯೆಂದೇ ಕರೆಯುತ್ತಾರೆ. ದರ್ಶನಾರ್ಥಿಗಳು ದೋಣಿಯಲ್ಲಿ ಹೋಗಬೇಕು. ಹಿಂದೆ ಪಶ್ಚಿಮಘಟ್ಟದ ಹಸಿರು, ಸುತ್ತ ತಾವರೆಯ ನೀರು, ನಡುವೆ ತಗ್ಗಾದ ಮಾಡಿನ ಚಿಕ್ಕ ಬಸದಿ. ಇಲ್ಲಿ ಕಟ್ಟಡವು ತನ್ನ ಎತ್ತರದಿಂದ ಯಾರನ್ನೂ ಬೆರಗುಗೊಳಿಸಲು ಯತ್ನಿಸುವುದಿಲ್ಲ. ಅಂಬಿಗನ ಕೈಯ ಹುಟ್ಟು ನೀರನ್ನು ಸೀಳುವ ಸದ್ದಿನಲ್ಲಿಯೇ ಯಾತ್ರಿಕನ ಮನಸ್ಸು ಹೊರಗಿನ ಗದ್ದಲದಿಂದ ಬಿಡುಗಡೆ ಹೊಂದುತ್ತದೆ. ತೀರ್ಥ ಎಂಬ ಪದದ ಮೂಲಾರ್ಥ ದಾಟುವ ಸ್ಥಳ ಎಂಬುದನ್ನು ವರಂಗಕ್ಕೆ ಹೋದವರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ.

ಕಾರ್ಕಳದಲ್ಲಿ ಭೈರರಸರ ವೈಭವ ಇಂದಿಗೂ ಎರಡು ಬೆಟ್ಟಗಳ ಮೇಲೆ ಎದುರುಬದುರಾಗಿ ನಿಂತಿದೆ. ಒಂದರ ಮೇಲೆ 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ 42 ಅಡಿಯ ಬಾಹುಬಲಿ; ಇನ್ನೊಂದರ ಮೇಲೆ 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿ. ಈ ಬಸದಿಗೆ ಹಿಂಭಾಗವೆಂಬುದಿಲ್ಲ. ನಾಲ್ಕು ದಿಕ್ಕುಗಳಿಗೂ ಬಾಗಿಲು. ಯಾವ ಬಾಗಿಲಿನಿಂದ ನೋಡಿದರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ. ಕಂಬಗಳು 108. ಗೋಡೆ, ಕಂಬ, ಮಾಡು ಎಲ್ಲವೂ ಗಟ್ಟಿ ಶಿಲೆ. ಮಳೆನಾಡಿನಲ್ಲಿ ಕಲ್ಲಿನಿಂದಲೇ ಕಟ್ಟಬೇಕೆಂಬ ಹಟ ತೊಟ್ಟ ಶಿಲ್ಪಿಯೂ ಮಳೆಯನ್ನು ಕಡೆಗಣಿಸಲಿಲ್ಲ. ಹೊರಸುತ್ತಿನ ಕಲ್ಲುಚಪ್ಪಡಿಗಳನ್ನು ಅವನು ಇಳಿಜಾರಾಗಿಯೇ ಇರಿಸಿದ್ದಾನೆ. ಹುಲ್ಲುಮಾಡಿನ ಮನೆಯಲ್ಲಿ ನೀರು ಹರಿದು ಹೋಗುವ ಉಪಾಯವನ್ನೇ ಅವನು ಶಿಲೆಗೆ ಕಲಿಸಿದನು ಎನ್ನಬಹುದು.

ಅಲ್ಲಿಂದ ಸುಮಾರು 18 ಕಿಲೋಮೀಟರು ದೂರದ ಮೂಡುಬಿದಿರೆಯು ಜೈನಕಾಶಿಯೆಂದು ಪ್ರಸಿದ್ಧವಾಗಿದೆ. ಹದಿನೆಂಟು ಬಸದಿಗಳುಳ್ಳ ಈ ಊರಿನ ಮಕುಟಪ್ರಾಯವಾದುದು ಸಾವಿರ ಕಂಬದ ಬಸದಿ, ಎಂದರೆ ತ್ರಿಭುವನತಿಲಕ ಚೂಡಾಮಣಿ ಚೈತ್ಯಾಲಯ. ವಿಜಯನಗರದ ಎರಡನೆಯ ದೇವರಾಯನ ಕಾಲದಲ್ಲಿ, 1430ರಲ್ಲಿ ನಿರ್ಮಾಣವಾದ ಈ ಮೂರಂತಸ್ತಿನ ಬಸದಿಯಲ್ಲಿ ಪಂಚಲೋಹದ ಚಂದ್ರನಾಥಸ್ವಾಮಿ ವಿರಾಜಮಾನನಾಗಿದ್ದಾನೆ. ಕೆಳ ಅಂತಸ್ತು ಕಲ್ಲು. ಮೇಲಿನ ಅಂತಸ್ತುಗಳು ಮರ. ಒಂದು ಕಂಬದ ಕೆತ್ತನೆ ಇನ್ನೊಂದರಂತಿಲ್ಲ. ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ಚೀನಾದೇಶದ ಮಾದರಿಯ ಘಟಸರ್ಪವೂ, ಜಿರಾಫೆಯೆಂದು ಗುರುತಿಸಲಾಗುವ ಪ್ರಾಣಿಯೂ ಇವೆ. ಕರಾವಳಿಯ ವರ್ತಕರು ಕಡಲಾಚೆಯೊಡನೆ ಬೆಳೆಸಿದ್ದ ಸಂಪರ್ಕಕ್ಕೆ ಬಸದಿಯ ಕಲ್ಲೇ ಹೀಗೆ ಸಾಕ್ಷಿಯಾಗಿದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಸುಮಾರು ಆರು ಶತಮಾನಗಳಷ್ಟು ಹಳೆಯದಾದ ಈ ಬಸದಿಗೆ ಊರಿನಲ್ಲಿ ಹೊಸಬಸದಿಯೆಂಬ ಹೆಸರಿದೆ. ಪಾರ್ಶ್ವನಾಥಸ್ವಾಮಿಯ ಗುರುಬಸದಿ ಇದಕ್ಕಿಂತ ಹಿರಿದಾದುದರಿಂದ ಇದು ಹೊಸದು. ಕಾಲವನ್ನು ಹೀಗೆ ಅಳೆಯುವ ಜನರ ನಡುವೆ ಮಾತ್ರ ಇಂಥ ಕಟ್ಟಡಗಳು ಉಳಿಯಬಲ್ಲವು.

ಹೊರಗಿನಿಂದ ಬಂದ ಯಾತ್ರಿಕರು ಈ ರೂಪವನ್ನು ಹೇಗೆ ಕಂಡರೆಂಬುದೂ ವಿಚಾರಾರ್ಹ. ವಾಸ್ತುವಿನ ಇತಿಹಾಸಕಾರ ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೂಡುಬಿದಿರೆಯ ಬಸದಿಗಳು ದಕ್ಷಿಣದ ದ್ರಾವಿಡ ಶೈಲಿಗೆ ಸೇರದೆ ದೂರದ ನೇಪಾಳದ ಕಟ್ಟಡಗಳನ್ನು ಹೋಲುತ್ತವೆಂದು ಸೂಚಿಸಿದನು. ಊರ ಹೊರಗೆ ಕೋಡಂಗಲ್ಲಿನ ಬಳಿ ಇರುವ, ಅಂತಸ್ತಂತಸ್ತಾಗಿ ಕಿರಿದಾಗುತ್ತ ಹೋಗುವ ಸಮಾಧಿಗಳನ್ನು ಕಂಡವರಿಗೂ ಇದೇ ಭಾವನೆ ಬಾರದಿರದು. ಹೋಲಿಕೆ ಸುಳ್ಳಲ್ಲ. ಆದರೆ ಅದಕ್ಕೆ ಕಾರಣವನ್ನು ಹುಡುಕಲು ನೇಪಾಳದವರೆಗೆ ಹೋಗಬೇಕಾಗಿಲ್ಲ. ಮೂಡುಬಿದಿರೆಯ ಸಾಧಾರಣ ರೈತನ ಮನೆಯ ಮಾಡು, ಅಲ್ಲಿಯ ದೈವಸ್ಥಾನದ ಮಾಡು, ಚೌಟರ ಅರಮನೆಯಲ್ಲಿ ನವನಾರೀಕುಂಜರ, ಪಂಚನಾರೀತುರಗಗಳನ್ನು ಕೆತ್ತಿದ ಮರದ ಕಂಬಗಳು, ಇವೆಲ್ಲವೂ ಬಸದಿಯ ಬಂಧುಗಳೇ. ಮಳೆ ಹೆಚ್ಚು, ಮರ ಸಮೃದ್ಧ. ಆದ್ದರಿಂದ ಇಳಿಜಾರು ಮಾಡು. ಹಿಮಾಲಯದ ತಪ್ಪಲಿನಲ್ಲಿಯೂ ಮರ ಮತ್ತು ಮಳೆಗಳು ಕೂಡಿದಾಗ ಜನರು ಇದೇ ಬಗೆಯ ಉತ್ತರವನ್ನು ಕಂಡುಕೊಂಡರೆಂದು ತಿಳಿಯುವುದೇ ಹೆಚ್ಚು ಸಮಂಜಸ.

ಗೋಡೆಯ ಕಲ್ಲಿಗೂ ಒಬ್ಬ ಯಾತ್ರಿಕನ ಕಥೆ ಅಂಟಿಕೊಂಡಿದೆ. ಟಿಪ್ಪುವಿನ ಪತನದ ನಂತರ, 1800–01ರಲ್ಲಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತುಳುನಾಡಿನ ಜೈನರ ಬಗೆಗೂ ಬರೆದಿದ್ದಾನೆ. ಇದೇ ಪ್ರವಾಸದಲ್ಲಿ ಅವನು ಮಲಬಾರಿನ ಅಂಗಾಡಿಪುರದ ಬಳಿ, ನೆಲದಲ್ಲಿರುವಾಗ ಮೆದುವಾಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕೆಂಪು ಕಲ್ಲನ್ನು ಕಂಡು, 1807ರ ತನ್ನ ಗ್ರಂಥದಲ್ಲಿ ಅದಕ್ಕೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂಬ ಹೆಸರನ್ನಿಟ್ಟನು. ವಿಜ್ಞಾನಲೋಕಕ್ಕೆ ಆಗ ಹೊಸದಾಗಿದ್ದ ಈ ಮುರಕಲ್ಲು ತುಳುನಾಡಿನ ಕಲ್ಲುಕುಟಿಗನಿಗೆ ಶತಮಾನಗಳಿಂದ ಪರಿಚಿತವಾದುದು. ಬಸದಿಯ ಪ್ರಾಕಾರವನ್ನೂ ಮನೆಯ ಗೋಡೆಯನ್ನೂ ಬಾವಿಯ ಕಟ್ಟೆಯನ್ನೂ ಅವನು ಅದರಿಂದಲೇ ಕಟ್ಟುತ್ತಿದ್ದನು. ಊರಿನ ನೆಲವೇ ಮೇಲೆದ್ದು ಬಸದಿಯ ಗೋಡೆಯಾಯಿತು.

ಆದರೆ ಮರ, ಮುರಕಲ್ಲುಗಳಿಂದಾದ ಕಟ್ಟಡಕ್ಕೆ ಒಂದು ಸ್ವಭಾವವುಂಟು. ಅದನ್ನು ಒಮ್ಮೆ ಕಟ್ಟಿ ಮುಗಿಸಿದೆವೆಂದು ಕೈತೊಳೆದುಕೊಳ್ಳುವಂತಿಲ್ಲ. ಗೆದ್ದಲು, ಪಾಚಿ, ಸೋರುವ ಸಂದು, ಕುಸಿಯುವ ಪಕಾಸಿ ಇವು ಪ್ರತಿವರ್ಷದ ಅತಿಥಿಗಳು. ಒಂದೆರಡು ಮಳೆಗಾಲ ಯಾರೂ ಮಾಡಿನ ಕಡೆಗೆ ನೋಡದಿದ್ದರೆ ಮೂರನೆಯದರಲ್ಲಿ ತೊಲೆ ಮುರಿಯುತ್ತದೆ. ಆದ್ದರಿಂದ 1430ರ ಬಸದಿ ಇಂದು ನಿಂತಿದೆಯೆಂದರೆ, ಅಂದು ಕಟ್ಟಿದವರ ಹಿರಿಮೆ ಎಷ್ಟೋ ಅಷ್ಟೇ ಹಿರಿಮೆ ಅನಂತರದ ಸುಮಾರು ಆರುನೂರು ಮಳೆಗಾಲಗಳಲ್ಲಿ ಅದನ್ನು ಕಾಯ್ದವರದು. ಕಟ್ಟಿಸಿದ ಅರಸರ, ಶ್ರೇಷ್ಠಿಗಳ ಹೆಸರು ಶಾಸನದಲ್ಲಿದೆ. ಏಣಿ ಹಾಕಿ ಮಾಡು ಸರಿಪಡಿಸಿದವರ ಹೆಸರು ಎಲ್ಲಿಯೂ ಇಲ್ಲ.

ಇದರ ಮರುಮುಖವನ್ನು ಕಾಣಬೇಕಾದರೆ ಉತ್ತರ ಕನ್ನಡದ ಗೇರುಸೊಪ್ಪೆಗೆ ಹೋಗಬೇಕು. ಶರಾವತಿಯ ದಡದ ಕಾಡಿನಲ್ಲಿರುವ ಅಲ್ಲಿಯ ಚತುರ್ಮುಖ ಬಸದಿ ಕಾರ್ಕಳದ ಬಸದಿಯ ಸೋದರನಂತಿದೆ. ಹದಿನಾರನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಆಳಿದ ಆ ನಗರ ಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರ ಕಣ್ಣನ್ನೂ ಸೆಳೆದಿತ್ತು. ರಾಜ್ಯ ಅಳಿದು, ವ್ಯಾಪಾರ ತಪ್ಪಿ, ಜನರು ಊರು ಬಿಟ್ಟ ಮೇಲೆ ಅಲ್ಲಿ ಉಳಿದುದು ಶಿಲೆ ಮಾತ್ರ. ಮನೆ, ಮಾಡು, ಬೀದಿಗಳು ಕಾಡಿನಲ್ಲಿ ಕರಗಿಹೋದವು. ಗರ್ಭಗೃಹದಲ್ಲಿ ಜಿನಬಿಂಬಗಳಿದ್ದರೂ ನಿತ್ಯದ ಅಭಿಷೇಕದ ನೀರಿಲ್ಲ, ಸಂಜೆಯ ದೀಪವಿಲ್ಲ. ಕಾರ್ಕಳಕ್ಕೂ ಗೇರುಸೊಪ್ಪೆಗೂ ಇರುವ ವ್ಯತ್ಯಾಸ ಶಿಲ್ಪದ್ದಲ್ಲ, ಶ್ರಾವಕರದ್ದು.

ಗ್ರಂಥಗಳ ವಿಷಯದಲ್ಲಿಯೂ ಮೂಡುಬಿದಿರೆ ಇದೇ ಪಾಠವನ್ನು ಹೇಳುತ್ತದೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆ ಮತ್ತು ಜಯಧವಲ, ಮಹಾಧವಲಗಳ ತಾಡವಾಲೆಯ ಪ್ರತಿಗಳು ಗುರುಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಆ ಕಾರಣದಿಂದಲೇ ಅದಕ್ಕೆ ಸಿದ್ಧಾಂತಬಸದಿಯೆಂಬ ಹೆಸರು ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಿಂದ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಮುದ್ರಣಗೊಂಡು, 16 ಸಂಪುಟಗಳಲ್ಲಿ ಪೂರ್ಣವಾಯಿತು. ತೇವದ ನಾಡಿನಲ್ಲಿ ತಾಳೆಗರಿ ತಾನಾಗಿಯೇ ಬಾಳುವುದಿಲ್ಲ. ಬಿಸಿಲಿಗೆ ಹಿಡಿದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಡುವ ಕೈಗಳಿದ್ದುದರಿಂದ ಅದು ಬಾಳಿತು.

ಹಾಗಾದರೆ ಕಾಯುವುದೆಂದರೆ ಹಳೆಯದನ್ನು ಎಳ್ಳಷ್ಟೂ ಬದಲಿಸದಿರುವುದೇ? ಇತಿಹಾಸ ಹಾಗೆ ಹೇಳುವುದಿಲ್ಲ. ಇಂದು ತುಳುನಾಡಿನ ಪರಂಪರೆಯ ಗುರುತೆಂದು ಭಾವಿಸಲಾಗುವ ಮಂಗಳೂರು ಹೆಂಚು 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಬಂದುದು. ಅದಕ್ಕೆ ಹಿಂದೆ ಹುಲ್ಲು, ನಾಡಹೆಂಚು, ಕಲ್ಲುಚಪ್ಪಡಿ, ತಾಮ್ರದ ತಗಡುಗಳು ಮಾಡನ್ನು ಹೊದೆಸುತ್ತಿದ್ದವು. ಹೊಸ ಹೆಂಚನ್ನು ಹಿರಿಯರು ಹಿಂಜರಿಯದೆ ಸ್ವೀಕರಿಸಿದರು. ಅದು ಊರಿನ ಜೇಡಿಯಿಂದಲೇ ಆದುದು. ಮಾಡಿನ ಇಳಿಜಾರನ್ನು ಕೆಡಿಸಲಿಲ್ಲ. ಒಡೆದರೆ ಒಂದನ್ನೇ ತೆಗೆದು ಇನ್ನೊಂದನ್ನು ಇಡಬಹುದಿತ್ತು. ಸ್ಥಳದ ಧರ್ಮಕ್ಕೆ ಹೊಂದಿಕೊಂಡ ಹೊಸತು ಬೇಗನೆ ಹಳತಾಯಿತು.

ಈ ಒರೆಗಲ್ಲಿಗೆ ಇಂದಿನ ಜೀರ್ಣೋದ್ಧಾರಗಳನ್ನು ಹಚ್ಚಿ ನೋಡುವುದು ಉಚಿತ. ಉಸಿರಾಡುವ ಮುರಕಲ್ಲಿನ ಗೋಡೆಗೆ ಸಿಮೆಂಟಿನ ಗಾರೆ ಬಳಿದರೆ ಒಳಗಿನ ತೇವ ಹೊರಬರಲಾರದೆ ಕಲ್ಲನ್ನೇ ತಿನ್ನುತ್ತದೆ. ಇಳಿಜಾರು ಮಾಡನ್ನು ತೆಗೆದು ಸಮತಟ್ಟಾದ ಕಾಂಕ್ರೀಟು ಹಾಸಿದರೆ ಕೆಲವು ವರ್ಷಗಳಲ್ಲಿ ಕಬ್ಬಿಣ ತುಕ್ಕುಹಿಡಿದು ಸೋರತೊಡಗುತ್ತದೆ. ಕೆತ್ತನೆಯ ಮೇಲೆ ಬಣ್ಣ ಬಳಿದಾಗ, ಶಾಸನದ ಮೇಲೆ ನುಣುಪುಕಲ್ಲು ಹಾಸಿದಾಗ ಭಕ್ತಿಯಿಂದಲೇ ಚರಿತ್ರೆ ಅಳಿದುಹೋಗುತ್ತದೆ. ಇಂಥ ತಪ್ಪುಗಳಿಗೆ ಅಶ್ರದ್ಧೆ ಕಾರಣವಲ್ಲ. ಬಹುಪಾಲು ಅವಸರವೇ ಕಾರಣ. ಕೆಲಸಕ್ಕೆ ಕೈಹಾಕುವ ಮೊದಲು ಇದ್ದುದನ್ನು ಅಳೆದು, ಛಾಯಾಚಿತ್ರ ತೆಗೆದು, ಶಾಸನಗಳ ಪಡಿಯಚ್ಚು ಮಾಡಿಸಿ, ಊರಿನ ಹಿರಿಯ ಬಡಗಿಯನ್ನೂ ಕಲ್ಲುಕುಟಿಗನನ್ನೂ ಕರೆದು ಕೇಳುವಷ್ಟು ವ್ಯವಧಾನವಿದ್ದರೆ ಇವುಗಳಲ್ಲಿ ಹೆಚ್ಚಿನವನ್ನು ತಪ್ಪಿಸಬಹುದು.

ಕಾಯುವ ಹೊಣೆಯ ಆರ್ಥಿಕ ನೆಲೆಯೂ ಬದಲಾಗಿದೆ. ಹಿಂದೆ ಬಸದಿಯ ನಂದಾದೀಪ, ಅಮೃತಪಡಿ, ದುರಸ್ತಿಗಳು ದತ್ತಿಭೂಮಿಯ ಅಕ್ಕಿಯ ಗೇಣಿಯಿಂದ ನಡೆಯುತ್ತಿದ್ದವು. 1974ರಲ್ಲಿ ರಾಜ್ಯದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಉಳುವವನು ಭೂಮಿಯ ಒಡೆಯನಾದನು. ಆ ನ್ಯಾಯದ ಜೊತೆಯಲ್ಲಿ ಅನೇಕ ಬಸದಿಗಳ ಹಳೆಯ ಆದಾಯವೂ ನಿಂತುಹೋಯಿತು. ಶ್ರಾವಕರ ಮಕ್ಕಳು ಉದ್ಯೋಗವನ್ನರಸಿ ಮುಂಬಯಿ, ಬೆಂಗಳೂರುಗಳನ್ನು ಸೇರಿದರು. ಹಿಂದೆ ಭೂಮಿ ಹೊತ್ತಿದ್ದ ಭಾರವನ್ನು ಈಗ ಮನುಷ್ಯರ ನೆನಪು ಹೊರಬೇಕಾಗಿದೆ. ದೂರದಲ್ಲಿರುವವರು ಪಂಚಕಲ್ಯಾಣದ ಐದು ದಿನಗಳಿಗೆ ಊರಿಗೆ ಬರುತ್ತಾರೆ. ಬಸದಿಗೆ ಅವರ ಅಗತ್ಯವಿರುವುದು ಜೂನ್ ತಿಂಗಳ ಮೊದಲ ಮಳೆಗೆ ಮುನ್ನ.

ನಮ್ಮ ದತ್ತಿಶಾಸನಗಳ ಕೊನೆಯಲ್ಲಿ ಮರಳಿ ಮರಳಿ ಬರುವ ಒಂದು ಮಾತುಂಟು. ದಾನ ಮತ್ತು ಪಾಲನೆ ಇವೆರಡರಲ್ಲಿ ಪಾಲನೆಯೇ ಹಿರಿದು. ಕೊಟ್ಟವನಿಗೆ ಸ್ವರ್ಗ, ಕಾಯ್ದವನಿಗೆ ಅದಕ್ಕಿಂತ ಮಿಗಿಲಾದ, ಚ್ಯುತಿಯಿಲ್ಲದ ಪದ ಎಂಬುದು ಅದರ ತಾತ್ಪರ್ಯ. ಕೊಟ್ಟವರೇ ತಮ್ಮ ಶಾಸನದಲ್ಲಿ ತಮಗಿಂತ ಕಾಯುವವನನ್ನು ಮೇಲಿರಿಸಿದ್ದು ಸಾಮಾನ್ಯ ಸಂಗತಿಯಲ್ಲ. ಮುಂದೆ ಬರಲಿರುವ, ತಾವು ಕಾಣಲಾರದ ಜನರ ಮೇಲೆ ಅವರು ಇಟ್ಟ ವಿಶ್ವಾಸ ಅದು.

ಪ್ರತಿಷ್ಠಾ ಮಹೋತ್ಸವದಲ್ಲಿ ಬಿಂಬಕ್ಕೆ ಪಂಚಕಲ್ಯಾಣಗಳು ನೆರವೇರಿ, ಕಳಶಾಭಿಷೇಕವಾಗಿ, ಚಪ್ಪರ ಬಿಚ್ಚಿದ ಮರುದಿನದಿಂದ ಪಾಲನೆಯ ಕಾಲ ಆರಂಭವಾಗುತ್ತದೆ. ಅಂದು ಬಸದಿಯ ಅಂಗಳದಲ್ಲಿ ಜನಸಂದಣಿ ಇರುವುದಿಲ್ಲ. ಅರ್ಚಕನೂ, ಗುಡಿಸುವ ಕೈಯೂ, ಮಾಡಿನ ಕಡೆಗೆ ಒಮ್ಮೆ ತಲೆಯೆತ್ತಿ ನೋಡುವ ಒಬ್ಬ ಹಿರಿಯರೂ ಇರುತ್ತಾರೆ. ಮೂಡುಬಿದಿರೆಯ ಹೊಸಬಸದಿ ಆರು ಶತಮಾನಗಳನ್ನು ದಾಟಿ ಬಂದುದು ಅಂಥವರ ಹೆಗಲ ಮೇಲೆ. ಇಂದು ಪ್ರತಿಷ್ಠೆಗೊಳ್ಳುವ ಬಸದಿಗಳಿಗೂ ಅಂಥವರು ತಲೆಮಾರು ತಲೆಮಾರಿಗೆ ದೊರೆಯಲಿ. ಅವೂ ಹಳತಾಗುವಷ್ಟು ಕಾಲ ಬಾಳಲಿ.